ತವರಿನಿಂದ ಮರಳುವ ಮುನ್ನ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಚೊಚ್ಚಲ ಬಾಣಂತನ ತವರುಮನೆಯ ಹೊಣೆ. ತಿಂಗಳುಗಟ್ಟಲೆ ದೊರೆಯುವ ಆ ವಿಶ್ರಾಂತಿ, ಎರಡು ಹೆರಿಗೆಗಳ ನಡುವಣ ಅಂತರಕ್ಕೂ ನೆರವಾಗುತ್ತದೆ. ಆದರೆ ಗಂಡನ ಮನೆಗೆ ಮರಳಿದ ಮೇಲೆ?

‘ಇನ್ನೂ ಮುಟ್ಟಾಗಿಲ್ಲ, ಭಯವಿಲ್ಲ’ ಎನ್ನುವವರುಂಟು. ಇದು ತಪ್ಪು ನಂಬಿಕೆ. ಮುಟ್ಟು ಮರಳುವ ಮೊದಲೇ ಗರ್ಭ ನಿಲ್ಲಬಹುದು. ಎದೆಹಾಲು ಕಾವಲಾಗುವುದು ನಿಜ. ಆದರೆ ಮಗುವಿಗೆ 6 ತಿಂಗಳು ತುಂಬಿರಬಾರದು, ಹಗಲಿರುಳೂ ತಾಯಿಹಾಲೇ ಅದರ ಆಹಾರವಾಗಿರಬೇಕು, ಮುಟ್ಟು ಮರಳಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಕಾವಲು ಸಡಿಲಾಯಿತೆಂದೇ ತಿಳಿಯಬೇಕು.

ಗುಳಿಗೆಗಳೆಲ್ಲ ಒಂದೇ ಬಗೆಯವಲ್ಲ. ಮಾಲಾ-ಎನ್‌ನಲ್ಲಿ ಈಸ್ಟ್ರೋಜನ್ ಇದೆ. ಹಾಲುಣಿಸುವ ತಾಯಿ ಅದಕ್ಕಾಗಿ 6 ತಿಂಗಳು ಕಾಯುವುದು ಲೇಸು. ಹಾಲುಣಿಸದವಳು 3 ವಾರ, ರಕ್ತ ಹೆಪ್ಪುಗಟ್ಟುವ ಅಪಾಯವಿದ್ದವಳು 6 ವಾರವಾದರೂ ತಡೆಯಬೇಕು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಔಷಧಿಯಾದ ‘ಛಾಯಾ’ದಲ್ಲಿ ಹಾರ್ಮೋನಿಲ್ಲ; ಹಾಲುಣಿಸುವವಳಿಗೂ ಸಲ್ಲುತ್ತದೆ. ಮೊದಲ 3 ತಿಂಗಳು ವಾರಕ್ಕೆರಡು, ಬಳಿಕ ವಾರಕ್ಕೊಂದು.

ಯಾರಿಗೆ ಯಾವುದು ಹೊಂದೀತೆಂಬುದನ್ನು ವೈದ್ಯರೇ ನಿರ್ಧರಿಸಲಿ. ಆದರೆ ಆ ಮಾತು ತವರಿನಲ್ಲಿರುವಾಗಲೇ ನಡೆಯಲಿ. ಮಗಳಿಗೆ ಬುತ್ತಿ ಕಟ್ಟುವ ತಾಯಿ, ಅದರೊಡನೆ ಈ ತಿಳಿವಳಿಕೆಯನ್ನೂ ಕಟ್ಟಿಕೊಡಲಿ.