ಮಾವನ ಗ್ಯಾರೇಜಿನಲ್ಲಿ ಕಲಿತ ಭೌತಶಾಸ್ತ್ರ



ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಎಂದು ನನ್ನನ್ನು ಪರಿಚಯಿಸಿದರು. ಆ ಕೆಲಸದ ಮಾತು ಬೇಡ. ನಾನು ನಪಾಸಾದ ಒಂದು ಪರೀಕ್ಷೆಯ ಬಗ್ಗೆ ಹೇಳುತ್ತೇನೆ.

ಬಿಇ ಕೊನೆಯ ವರ್ಷ ಒಂದು ಕಂಪನಿಯ ಆಯ್ಕೆ ಪರೀಕ್ಷೆಗೆ ಕುಳಿತಿದ್ದೆ. ಪ್ರಶ್ನೆಪತ್ರಿಕೆಯ ತುಂಬ ಚಿತ್ರಗಳು: ಹಲ್ಲಿನ ಚಕ್ರ, ರಾಟೆ, ಸನ್ನೆ, ನೀರಿನ ತೊಟ್ಟಿ. ಮೊದಲ ಚಕ್ರ ಹೀಗೆ ತಿರುಗಿದರೆ ಕೊನೆಯದು ಯಾವ ಕಡೆಗೆ? ಸೂತ್ರಗಳೆಲ್ಲ ಬಾಯಿಪಾಠವಿದ್ದವು. ಚಿತ್ರ ನೋಡಿದರೆ ಏನೂ ಹೊಳೆಯಲಿಲ್ಲ. ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಓದಿಗೆಂದು ಸಾಲ ಮಾಡಿದ್ದ ಅಪ್ಪ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಊರಿಗೆ ಬಂದವನು, ಲಾರಿ ರಿಪೇರಿ ಮಾಡುವ ಸೋದರಮಾವನ ಹತ್ತಿರ ಹೋಗಿ ಕುಳಿತೆ. ಅವರು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು. ಪರೀಕ್ಷೆಯ ಚಿತ್ರವನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ತೋರಿಸಿದೆ.

“ಸರಪಳಿ ಇದ್ರ ಎರಡೂ ಒಂದಾ ಕಡಿಗೆ ತಿರುಗ್ತಾವ. ಹಲ್ಲಿಗೆ ಹಲ್ಲು ಕಚ್ಚಿದ್ರ ಎದುರುಬದುರು. ಇದಕ್ಕ ಇಂಜಿನಿಯರ್ ಆಗಬೇಕೇನಲೇ?” ಅಂದರು.

ಅಷ್ಟೇ. ಹಲ್ಲು ಕಚ್ಚಿಕೊಂಡು ಸಾಲಾಗಿ ಮೂರು ಚಕ್ರವಿದ್ದರೆ ಮೊದಲನೆಯದೂ ಮೂರನೆಯದೂ ಒಂದೇ ಕಡೆ. ಸೈಕಲ್ಲಿನ ಪೆಡಲ್ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತಿಗೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು.

ಲಾರಿ ಗಾಲಿಯ ನಟ್ಟು ಬಿಚ್ಚಲು ಮಾವ ಪಾನಾದ ಹಿಡಿಗೆ ಪೈಪು ಸಿಕ್ಕಿಸುತ್ತಿದ್ದರು. ಒಂದಡಿ ಹಿಡಿಗೆ 40 ಕಿಲೋ ಭಾರ ಹಾಕಬೇಕಾದಲ್ಲಿ ಎರಡಡಿಗೆ 20 ಕಿಲೋ ಸಾಕು. ಆದರೆ ಕೈ ಎರಡರಷ್ಟು ದೂರ ಹೋಗಬೇಕು. ಜಾಕು, ಜೋಡಿರಾಟೆ, ಇಳಿಜಾರು ಹಲಗೆ ಎಲ್ಲದರಲ್ಲೂ ಇದೇ ವ್ಯಾಪಾರ: ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ಕೊಡಬೇಕು. ಚಿತ್ರ ಎದುರಿಗೆ ಬಂದಾಗ ಮೊದಲು ನೋಡಬೇಕಾದದ್ದು ಕೈ ಎಷ್ಟು ದೂರ ಹೋಗುತ್ತದೆ, ಭಾರ ಎಷ್ಟು ಮೇಲೇಳುತ್ತದೆ ಎಂಬುದನ್ನು. ಸೂತ್ರ ಆಮೇಲೆ.

ನೀರಿನ ಪ್ರಶ್ನೆಗೆ ಉದಾಹರಣೆ ಹೊಸಪೇಟೆಯಲ್ಲೇ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಬೆಳೆಯ ಗತಿ ಏನೆಂದು ನಾವೆಲ್ಲ ಹೆದರಿದೆವು. ಅಲ್ಲಿರುವುದು 33 ಗೇಟು; ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಮೀಟರಿನಲ್ಲಿ 18.3 ಮತ್ತು 6.1. ನೀರು ಗೇಟಿನ ತುದಿಯವರೆಗೆ ನಿಂತರೆ ಸರಾಸರಿ ಆಳ ಅದರ ಅರ್ಧ. ಗುಣಿಸಿ ನೋಡಿ: ಗೇಟಿನ ಮೇಲೆ ಸುಮಾರು 340 ಟನ್ ಒತ್ತು. ಹಿಂದೆ ನೀರು ಎಷ್ಟು ಮೈಲಿ ಹರಡಿದೆ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ, ಆಳ ಮಾತ್ರ ಬರುತ್ತದೆ. ತೊಟ್ಟಿ ಅಗಲವಿದ್ದರೆ ಒತ್ತಡ ಹೆಚ್ಚು ಎಂದು ಪರೀಕ್ಷೆಯಲ್ಲಿ ಗುರುತು ಹಾಕಿದ್ದು ನಾನೇ! ನೀರು ಗೇಟಿನ ಅರ್ಧಕ್ಕಿಳಿದರೆ ಒತ್ತು ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ, 85 ಟನ್. ಉಳಿದ ಗೇಟುಗಳನ್ನೂ ತೆರೆದು ನೀರು ಇಳಿಸಿದ್ದು ಏಕೆಂದು ಇದರಿಂದ ತಿಳಿಯುತ್ತದೆ. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದೊಳಗೆ, ಹರಿಯುವ ನೀರಿನಲ್ಲೇ, ತುಂಡು ತುಂಡಾಗಿ ತಾತ್ಕಾಲಿಕ ಗೇಟು ಇಳಿಸಿದರು.

ಐಟಿಐ ಮುಗಿಸಿ ರೈಲ್ವೆಯ ಸಹಾಯಕ ಲೋಕೋ ಪೈಲಟ್ ಪರೀಕ್ಷೆ ಬರೆಯುವವರು ಇಲ್ಲೂ ಇದ್ದೀರಿ. ಎರಡನೇ ಹಂತದ ಮೊದಲ ಭಾಗದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ; ಸನ್ನೆ, ಸರಳ ಯಂತ್ರ, ಸಾಂದ್ರತೆ, ಶಾಖ ಎಲ್ಲ ಅದರಲ್ಲಿವೆ. ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಹೋಗುತ್ತದೆ, ಆದ್ದರಿಂದ ಊಹೆ ಬೇಡ. ಕನ್ನಡದಲ್ಲೇ ಬರೆಯಬಹುದು. ನನ್ನ ಅಕ್ಕನ ಮಗ ಗ್ಯಾರೇಜಿನಲ್ಲೇ ತಯಾರಿ ಮಾಡಿ ಬರೆದಿದ್ದಾನೆ. ಫಲಿತಾಂಶ ಇನ್ನೂ ಬಂದಿಲ್ಲ, ಅಕ್ಕ ದಿನಾ ಕೇಳುತ್ತಾಳೆ.

ಹಳೆಯ ಗೇರುಗಳು, ಎರಡು ರಾಟೆ, ಒಂದು ಸೈಕಲ್ಲು, ಇಷ್ಟನ್ನು ಶಾಲೆಗೆ ಕೊಡಲು ಮಾವ ಒಪ್ಪಿದ್ದಾರೆ. ಊರಿಗೆ ಬಂದ ಭಾನುವಾರ ಬೆಳಿಗ್ಗೆ ನಾನು ಇಲ್ಲೇ ಇರುತ್ತೇನೆ. ಗ್ರೀಸ್ ಪೂರ್ತಿ ಹೋಗಿಲ್ಲ, ಹಳೇ ಅಂಗಿ ಹಾಕಿಕೊಂಡು ಬನ್ನಿ.