ಮಳೆ ಬಂದ ಶುಕ್ರವಾರ ಸುಲೈಬಿಖಾತ್‌ಗೆ ಬನ್ನಿ

(ಕುವೈತಿನಲ್ಲಿ ನಮ್ಮ ಕನ್ನಡ ಗೆಳೆಯರ ಸೇರಿಕೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಇಲ್ಲಿ ಮಳೆ ಬಂತು ಅಂದ್ರೆ ನಾವೇನು ಮಾಡ್ತೀವಿ? ಊರಿಗೆ ಫೋನ್ ಹಚ್ಚಿ "ಅಮ್ಮಾ, ಕುವೈತಲ್ಲಿ ಮಳೆ!" ಅಂತೀವಿ. ಆಮೇಲೆ ಬಜ್ಜಿ ಕರೀತೀವಿ. ವರ್ಷಕ್ಕೆಲ್ಲಾ ಸೇರಿ ಸುಮಾರು 110 ಮಿಲಿಮೀಟರ್ ಬೀಳೋ ನಾಡಿದು. ಕುಮಟಾದವನಾದ ನನಗೆ ಅದು ಆಷಾಢದ ಒಂದೆರಡು ದಿನದ ಮಳೆ ಅಷ್ಟೇ!

ಬಜ್ಜಿ ತಿಂದ ಮೇಲೆ ನಾನು ಇನ್ನೊಂದು ಕೆಲಸ ಮಾಡ್ತೀನಿ. ಮಗಳನ್ನು ಕೂರಿಸಿಕೊಂಡು ಸುಲೈಬಿಖಾತ್ ಕೊಲ್ಲಿ ಕಡೆ ಕಾರು ತಿರುಗಿಸ್ತೀನಿ, ಹಕ್ಕಿ ನೋಡೋಕೆ.

ಮಳೇಲೇ ಯಾಕೆ? ಗಲ್ ಅಂತ ಇಂಗ್ಲೀಷಿನಲ್ಲಿ ಕರೆಯೋ ಕಡಲಹಕ್ಕಿಗಳನ್ನು ಊರಲ್ಲಿ ನಾನು ಮಳೆಯಲ್ಲಿ ನೋಡಿದ ನೆನಪೇ ಇಲ್ಲ. ನಮ್ಮ ಕರಾವಳಿಗೆ ಮಳೆ ಬರೋದು ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ಬಹುಪಾಲು ಕಡಲಹಕ್ಕಿಗಳು ಮರಿ ಮಾಡೋಕೆ ಸೈಬೀರಿಯಾಕ್ಕೋ ಮಧ್ಯ ಏಷ್ಯಾಕ್ಕೋ ಹೋಗಿರ್ತಾವೆ. ಕುವೈತಲ್ಲಿ ಮಳೆ ಬೀಳೋದು ನವೆಂಬರ್‌ನಿಂದ ಏಪ್ರಿಲ್ ನಡುವೆ. ಚಳಿಗೆ ವಲಸೆ ಬಂದ ಹಕ್ಕಿಗಳು ಆಗ ಇಲ್ಲೇ ಇರ್ತಾವೆ. ಮಾಲ್ಪೆ, ಕಾರವಾರದಲ್ಲಿ ಬಿಸಿಲಲ್ಲಿ ಕಾಣೋ ಬಳಗವೇ ಇಲ್ಲಿ ಮಳೆಯಲ್ಲಿ ನೆನೆಯುತ್ತಾ, ಗಾಳಿಗೆ ಮುಖ ಕೊಟ್ಟು ಸಾಲಾಗಿ ನಿಂತಿರುತ್ತೆ. ಮಳೆಗೆ ದಂಡೆ ಮೇಲೆ ಜನ ಇರಲ್ಲ, ಹಾಗಾಗಿ ಹಕ್ಕಿಗಳು ಹತ್ತಿರಕ್ಕೇ ಬರ್ತಾವೆ.

ಇಲ್ಲಿ ಭರತ-ಇಳಿತದ ನಡುವೆ ನೀರು ಮೂರು ಮೀಟರಿಗೂ ಹೆಚ್ಚು ಏರಿಳಿಯುತ್ತೆ. ಇಳಿದಾಗ ದೂರದವರೆಗೂ ಬರೀ ಕೆಸರು. "ಖಾಲಿ ಜಾಗ, ವಾಸನೆ" ಅಂತ ಕಿಟಕಿ ಏರಿಸಿ ಹೋಗ್ತಿದ್ದವರಲ್ಲಿ ನಾನೂ ಒಬ್ಬ. ಆದರೆ ಆ ಕೆಸರಿನ ತುಂಬಾ ಏಡಿ, ಹುಳ, ಚಿಪ್ಪುಜೀವಿಗಳು. ಅವನ್ನು ತಿನ್ನೋಕೆ ಸಾವಿರಾರು ಮೈಲಿಯಿಂದ ಹಕ್ಕಿಗಳು ಬರ್ತಾವೆ. ರಾಜಹಂಸಗಳೂ ಇರ್ತಾವೆ.

ಮೊದಲ ಸಲ ಮಗಳು ಕೇಳಿದಳು: "ಅಪ್ಪಾ, ಅದಕ್ಕೆ ಕನ್ನಡದಲ್ಲಿ ಏನಂತಾರೆ?" ಉದ್ದ ಬಾಗಿದ ಕೊಕ್ಕಿನ ಕರ್ಲ್ಯೂ ಅದು. ನನಗೆ ಗೊತ್ತಿರಲಿಲ್ಲ. ಅವಳೇ "ಕುಡುಗೋಲುಕೊಕ್ಕು" ಅಂದಳು. ಏಡಿ ತಿನ್ನೋ ಕಪ್ಪು-ಬಿಳಿ ಹಕ್ಕಿಯೊಂದಿದೆ, ಕ್ರ್ಯಾಬ್ ಪ್ಲೋವರ್. ನೀರಂಚಲ್ಲಿ ಮೇಯೋ ಇಂಥ ಹಕ್ಕಿಗಳಲ್ಲಿ ಮರಳಲ್ಲಿ ಬಿಲ ತೋಡಿ ಮೊಟ್ಟೆ ಇಡೋದು ಇದೊಂದೇ! ಬೇಸಿಗೆಯಲ್ಲಿ ಕುವೈತಿನ ಬುಬಿಯಾನ್ ದ್ವೀಪದಲ್ಲಿ ಮರಿ ಮಾಡುತ್ತೆ. ನಮ್ಮನೇಲಿ ಅದು "ಏಡಿಗೊರವ".

ಹೆಸರಲ್ಲಿ ಏನಿದೆ ಅಂತೀರಾ? ನಮ್ಮ ಅಘನಾಶಿನಿ ಅಳಿವೆಯನ್ನೇ ನೋಡಿ. ಅಲ್ಲಿಯದೂ ಇಂಥದೇ ಕೆಸರು. ತದಡಿಗೆ ಭಾರೀ ಉಷ್ಣ ವಿದ್ಯುತ್ ಸ್ಥಾವರ ತರೋಕೆ ಹೊರಟಾಗ ಎದುರು ನಿಂತಿದ್ದು ಊರ ಜನ. ಕೆಸರಲ್ಲಿ ಬಳಚು ಹೆಕ್ಕಿ, ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆದವರಿಗೆ ಅದು ಖಾಲಿ ಜಾಗ ಆಗಿರಲಿಲ್ಲ. ಅಲ್ಲಿನ ಒಂದೊಂದಕ್ಕೂ ಅವರ ಬಾಯಲ್ಲಿ ಹೆಸರಿತ್ತು. ಆ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಯ್ತು. ಬುಬಿಯಾನ್‌ನ ಮುಬಾರಕ್ ಅಲ್-ಕಬೀರ್ ಮೀಸಲು ಪ್ರದೇಶಕ್ಕೆ 2015ರಲ್ಲೇ ಆ ಮನ್ನಣೆ ಸಿಕ್ಕಿತ್ತು.

ನಮ್ಮ ಬಾಯಲ್ಲಿ ಹೆಸರಿಲ್ಲದ್ದು ನಾಳೆ ಇಲ್ಲವಾದರೆ ನಮಗೆ ಗೊತ್ತೂ ಆಗಲ್ಲ. ಕುವೈತಲ್ಲಿ ಬೆಳೆಯೋ ನಮ್ಮ ಮಕ್ಕಳಿಗೆ ಕನ್ನಡ ಅಂದ್ರೆ ರಾಜ್ಯೋತ್ಸವದ ಹಾಡು ಮಾತ್ರ ಆಗೋದು ಬೇಡ. ಕಣ್ಣೆದುರಿನ ಹಕ್ಕಿಯನ್ನು ಕರೆಯೋ ಮಾತೂ ಆಗಲಿ.

ಮುಂದಿನ ಮಳೆಗೆ ಬನ್ನಿ. ಭರತ ತುಂಬೋ ಎರಡು ಗಂಟೆ ಮೊದಲು ಬಂದರೆ ಏರೋ ನೀರು ಹಕ್ಕಿಗಳನ್ನು ದಂಡೆಗೆ ತಳ್ಳುತ್ತೆ. ಕಾರಿನಿಂದ ಇಳಿಯಬೇಡಿ, ಹಕ್ಕಿಗಳು ಕಾರಿಗೆ ಅಷ್ಟಾಗಿ ಹೆದರಲ್ಲ. ಫೋಟೋಗೋಸ್ಕರ ಎಬ್ಬಿಸಬೇಡಿ, ಅವು ತಿನ್ನೋಕೆ ಸಿಗೋದೇ ಇಳಿತದ ಕೆಲವು ಗಂಟೆ. ಬೈನಾಕ್ಯುಲರ್ ನನ್ನ ಹತ್ರ ಇದೆ. ಬಜ್ಜಿ ನೀವು ತನ್ನಿ.