ಹಳೆ ಬಿಲ್ಲಿನ ತೆರಿಗೆ ತಾನಾಗೇ ಬದಲಾದಾಗ

ಇವತ್ತು ಡೇಟಾಬೇಸ್‌ನ ಒಂದು ಸಣ್ಣ ಸಂಗತಿ. ಸಣ್ಣದು ಅಂದೆ, ಆದ್ರೆ ಅವತ್ತು ರಾತ್ರಿ ನನ್ನ ನಿದ್ದೆ ಕೆಡಿಸಿದ್ದು ಇದೇ.

2025ರ ಸೆಪ್ಟೆಂಬರ್ 22ರಿಂದ ತುಪ್ಪ, ಬೆಣ್ಣೆ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ನಾನು ಒಂದು ಸಗಟು ಅಂಗಡಿಯ ಬಿಲ್ಲಿಂಗ್ ನೋಡಿಕೊಳ್ತೀನಿ. ಪೋಸ್ಟ್‌ಗ್ರೆಸ್ 17ರಲ್ಲಿ 'ಬಿಲ್' ಅನ್ನೋ ತಾಯಿ ಟೇಬಲ್, ಅದರಿಂದ ಹುಟ್ಟಿದ ವರ್ಷಕ್ಕೊಂದು ಮರಿ ಟೇಬಲ್. ತೆರಿಗೆ ಕಾಲಂ ಜನರೇಟೆಡ್. ಅಂದ್ರೆ ನಾವು ಅದನ್ನ ತುಂಬೋ ಹಾಗಿಲ್ಲ. ಮೊತ್ತ ಗುಣಿಸು 0.12 ಅಂತ ಡೇಟಾಬೇಸೇ ಲೆಕ್ಕ ಹಾಕಿ ಬರೆದಿಡುತ್ತೆ.

21ರ ರಾತ್ರಿ ತಾಯಿ ಟೇಬಲ್‌ನಲ್ಲಿ ಸೂತ್ರವನ್ನ 0.05 ಮಾಡಿದೆ. ಒಂದೇ ಸಾಲಿನ ಆಜ್ಞೆ, ಕೆಲಸ ಮುಗೀತು ಅಂದ್ಕೊಂಡೆ. ಸುಮ್ನೆ ಆಗಸ್ಟ್‌ನ ಬಿಲ್ ತೆಗೆದು ನೋಡಿದ್ರೆ, ಸಾವಿರ ರೂಪಾಯಿ ತುಪ್ಪಕ್ಕೆ 120 ಇರಬೇಕಾದ ತೆರಿಗೆ 50 ಆಗಿತ್ತು! ಗಿರಾಕಿಯಿಂದ ವಸೂಲಿ ಮಾಡಿ, ರಿಟರ್ನ್‌ನಲ್ಲಿ ತೋರಿಸಿದ ಲೆಕ್ಕ ಅದು. ಪುಣ್ಯಕ್ಕೆ ನಾನಿದ್ದದ್ದು ಪರೀಕ್ಷೆಯ ಪ್ರತಿಯಲ್ಲಿ.

ಆಗಿದ್ದಿಷ್ಟೇ. ತಾಯಿಯ ಸೂತ್ರ ಬದಲಿಸಿದರೆ ಅದು ಮರಿ ಟೇಬಲ್‌ಗಳಿಗೂ ಇಳಿಯುತ್ತೆ, ಹಳೆ ಸಾಲುಗಳನ್ನೂ ಹೊಸದಾಗಿ ಲೆಕ್ಕ ಹಾಕಿ ಬರೆಯುತ್ತೆ.

ಹಾಗಾದ್ರೆ ದಾರಿ? ತಾಯಿಯ ಕಾಲಂ ಜನರೇಟೆಡ್ ಆಗಿದ್ರೆ ಮರಿಯದ್ದೂ ಜನರೇಟೆಡ್ ಆಗಿರಲೇಬೇಕು. ಆದ್ರೆ ಸೂತ್ರ ಬೇರೆ ಇರಬಹುದು. ಹಾಗಾಗಿ 22ರಿಂದಾಚೆಗಿನ ಬಿಲ್‌ಗಳಿಗೆ 0.05 ಸೂತ್ರದ ಹೊಸ ಮರಿ ಟೇಬಲ್ ಮಾಡಿದೆ. ತಾಯಿಯ ಹೆಸರಲ್ಲಿ ಅಪ್‌ಡೇಟ್ ಕೊಟ್ಟರೂ, ಸಾಲು ನಿಜವಾಗಿ ಯಾವ ಟೇಬಲ್‌ನಲ್ಲಿದೆಯೋ ಅದರ ಸೂತ್ರವೇ ನಡೆಯುತ್ತೆ. ಡಿಫಾಲ್ಟ್ ಬೆಲೆಗಳದ್ದು ಇದಕ್ಕೆ ಉಲ್ಟಾ: ಕ್ವೆರಿಯಲ್ಲಿ ಹೆಸರಿಸಿದ ಟೇಬಲ್‌ನದ್ದೇ ಲೆಕ್ಕ. ಎರಡನ್ನೂ ಒಂದೇ ಅಂದ್ಕೊಂಡ್ರೆ ಎಡವಿದ ಹಾಗೇ. ಇನ್ನೊಂದು, ತಾಯಿಗೆ ಸೇರಿಸಿದ ಸಾಲು ತಾನಾಗೇ ಮರಿ ಟೇಬಲ್‌ಗೆ ಹೋಗಲ್ಲ. ಹೊಸ ಬಿಲ್‌ಗಳನ್ನ ನೇರವಾಗಿ ಹೊಸ ಟೇಬಲ್‌ಗೇ ಹಾಕಬೇಕು.

ಈಗ ಯೋಚಿಸಿದ್ರೆ, ಮೂಲ ತಪ್ಪು ನನ್ನದೇ. ಸರ್ಕಾರ ಬದಲಿಸಬಹುದಾದ ದರವನ್ನ ಸೂತ್ರದೊಳಗೆ ಹುದುಗಿಸಿದ್ದೆ. ದರಕ್ಕೆ ಪ್ರತ್ಯೇಕ ಕಾಲಂ ಇಟ್ಟು, ಮೊತ್ತ ಗುಣಿಸು ದರ ಅಂತ ಬರೆದಿದ್ರೆ ಒಂದೇ ಸೂತ್ರ ಎಲ್ಲ ಕಾಲಕ್ಕೂ ಸಾಕಾಗ್ತಿತ್ತು. ಮುಂದಿನ ದರ ಬದಲಾವಣೆಗೆ ಮುಂಚೆ ಆ ಕೆಲಸ ಮುಗಿಸ್ಬೇಕು. ನಿಮ್ಮ ಟೇಬಲ್‌ಗಳನ್ನೂ ಒಮ್ಮೆ ನೋಡ್ಕೊಳ್ಳಿ.